ಮೆಲಾನ್-ಎ ಆಂಟಿಬಾಡಿ: ಕಂಡಿದ್ದೆಲ್ಲ ಕಂದು, ಯಾವುದನ್ನು ನಂಬಲಿ?

ಪ್ರಶ್ನೆ

ಮೂರು ವಾರದಿಂದ ಇದರಲ್ಲೇ ಮುಳುಗಿದ್ದೇನೆ. ಮೆಲನೋಮ (ಚರ್ಮದ ಬಣ್ಣದ ಕೋಶಗಳ ಕ್ಯಾನ್ಸರ್) ಹರಡಿರಬಹುದು ಅನ್ನುವ ಲಿಂಫ್ ನೋಡ್, ಪ್ಯಾರಾಫಿನ್ ಬ್ಲಾಕ್‌ನಿಂದ ತೆಗೆದ ಸೆಕ್ಷನ್ (ತೆಳು ಹೋಳು). ಮೆಲನೋಮ ಕೋಶಗಳ ಮೆಲಾನ್-ಎ ಪ್ರೋಟೀನ್‌ಗೆ ಅಂಟುವ ಆಂಟಿಬಾಡಿ, ಎ103 ಕ್ಲೋನ್ (ಅದರ ಒಂದು ತಳಿ). ಆಂಟಿಬಾಡಿ ಅಂಟಿದ ಜಾಗ ಕಾಣಲು ಡಿಎಬಿ ಅನ್ನುವ ಕಂದು ಬಣ್ಣ. ನೋಡಿದರೆ ಅರ್ಧ ನೋಡ್ ಕಂದು! ಮೊದಲು ಖುಷಿಯಾಯಿತು, ಆಮೇಲೆ ಅನುಮಾನ ಬಂತು. 1:50 ಇದ್ದ ಆಂಟಿಬಾಡಿಯನ್ನು 1:200ಕ್ಕೆ ತೆಳು ಮಾಡಿದೆ. ಕಂದು ಒಂಚೂರೂ ಕಮ್ಮಿಯಾಗಲಿಲ್ಲ.

ಇನ್ನೊಂದು ವಿಚಿತ್ರ. ನೆಗೆಟಿವ್ ಕಂಟ್ರೋಲ್ (ಬಣ್ಣ ಹಿಡಿಯಬಾರದ ಹೋಲಿಕೆ ಸ್ಲೈಡ್) ಇರಲಿ ಅಂತ ಅಡ್ರಿನಲ್ ಗ್ರಂಥಿಯ ಸೆಕ್ಷನ್ ಇಟ್ಟಿದ್ದೆ. ಅದರ ಹೊರಭಾಗ ಚೆನ್ನಾಗಿ ಬಣ್ಣ ಹಿಡಿದಿದೆ, ಒಳಗಿನ ಮೆಡುಲ್ಲಾ ಮಾತ್ರ ಖಾಲಿ. ಆಂಟಿಬಾಡಿ ಸೀಸೆಯೇ ಕೆಟ್ಟಿದೆಯಾ? ಹೊಸದು ಕೇಳೋಕೆ ಮುಖ ಇಲ್ಲ. ಹೋದ ತಿಂಗಳಷ್ಟೇ ಒಂದನ್ನು ರಾತ್ರಿಯಿಡೀ ಮೇಜಿನ ಮೇಲೆ ಮರೆತಿದ್ದೆ.

ಉತ್ತರ 1

ಸೀಸೆಗೆ ಏನೂ ಆಗಿಲ್ಲ, ಅಡ್ರಿನಲ್ಲೇ ಅದಕ್ಕೆ ಸಾಕ್ಷಿ. ಸ್ಟೀರಾಯ್ಡ್ ಹಾರ್ಮೋನ್ ತಯಾರಿಸುವ ಜೀವಕೋಶಗಳಿಗೂ ಎ103 ಅಂಟಿಕೊಳ್ಳುತ್ತದೆ: ಅಡ್ರಿನಲ್‌ನ ಹೊರಭಾಗ, ವೃಷಣದ ಲೇಡಿಗ್ ಕೋಶಗಳು. ಅಡ್ರಿನಲ್ ಗೆಡ್ಡೆ ಗುರುತಿಸಲು ಇದನ್ನೇ ಬಳಸುವವರೂ ಇದ್ದಾರೆ. ಅದೇ ಪ್ರೋಟೀನ್‌ಗೆ ಇರುವ ಎಂ2-7ಸಿ10 ಕ್ಲೋನ್‌ಗೆ ಈ ಚಾಳಿ ಇಲ್ಲ. ನೀವು ನೆಗೆಟಿವ್ ಅಂತ ಇಟ್ಟಿದ್ದು ಪಾಸಿಟಿವ್ ಕಂಟ್ರೋಲ್ ಆಗಿ ಕೆಲಸ ಮಾಡಿದೆ, ಅಷ್ಟೇ.

ನೋಡ್‌ನ ಕಂದಿನ ಬಗ್ಗೆ ಒಂದೇ ಪ್ರಶ್ನೆ. ಪ್ರೈಮರಿ ಆಂಟಿಬಾಡಿ (ಇಲ್ಲಿ ಎ103) ಹಾಕದೆ ಒಂದು ಸ್ಲೈಡ್ ಮಾಡಿದ್ದೀರಾ? ತೆಳು ಮಾಡಿದರೂ ಬಣ್ಣ ಇಳಿಯಲಿಲ್ಲ ಅಂದರೆ ನನಗೆ ಮೆಲನಿನ್ (ಚರ್ಮಕ್ಕೆ ಬಣ್ಣ ಕೊಡುವ ವಸ್ತು) ಮೇಲೇ ಅನುಮಾನ. ಅದೂ ಕಂದು, ಡಿಎಬಿಯೂ ಕಂದು. ಮೆಲನಿನ್ ತಿಂದು ಕೂತ ಮ್ಯಾಕ್ರೋಫೇಜ್‌ಗಳು (ಕಸ ನುಂಗುವ ಕೋಶಗಳು) ನೋಡ್‌ನಲ್ಲಿ ಬೇಕಾದಷ್ಟು ಇರುತ್ತವೆ. ಅವನ್ನೇ ಕ್ಯಾನ್ಸರ್ ಅಂದುಕೊಂಡರೆ ಕಥೆ ಮುಗಿಯಿತು.

ಡಿಎಬಿ ಬದಲು ಆಲ್ಕಲೈನ್ ಫಾಸ್ಫಟೇಸ್ (ಬಣ್ಣ ಬರಿಸುವ ಎಂಜೈಮ್) ಜೊತೆ ಕೆಂಪು ಬಣ್ಣ ಬಳಸಿ. ಪರ್ಮ್ಯಾಂಗನೇಟ್‌ನಲ್ಲಿ ಮೆಲನಿನ್ ತೊಳೆಯುವ ದಾರಿಯೂ ಇದೆ, ಆದರೆ ಕೆಲವೊಮ್ಮೆ ಅದು ಪ್ರೋಟೀನನ್ನೂ ಹಾಳು ಮಾಡುತ್ತದೆ. ನಾನಂತೂ ಆ ಕಡೆ ಹೋಗುವುದಿಲ್ಲ.

ಉತ್ತರ 2

ಡಿಎಬಿ ಬಿಡಲು ಮನಸ್ಸಿಲ್ಲದಿದ್ದರೆ ಹಿನ್ನೆಲೆಗೆ ಹಾಕುವ ಹೆಮಟಾಕ್ಸಿಲಿನ್ ಬಣ್ಣದ ಬದಲು ಜೀಮ್ಸಾ ಬಣ್ಣ ಹಾಕಿ. ಮೆಲನಿನ್ ಹಸಿರಿಗೆ ತಿರುಗುತ್ತದೆ, ಡಿಎಬಿ ಕಂದಾಗೇ ಉಳಿಯುತ್ತದೆ.

ಹಾಗೇ ಇನ್ನೊಂದು ಮಾತು, ಮೆಲಾನ್-ಎ ಒಂದನ್ನೇ ನಂಬಬೇಡಿ. ಡೆಸ್ಮೋಪ್ಲಾಸ್ಟಿಕ್ ಮೆಲನೋಮದಲ್ಲಿ (ನಾರು ತುಂಬಿದ ಬಗೆ) ಇದೂ ಎಚ್‌ಎಂಬಿ-45 ಅನ್ನುವ ಇನ್ನೊಂದು ಆಂಟಿಬಾಡಿ ಕೂಡ ಸಾಮಾನ್ಯವಾಗಿ ಕೈಕೊಡುತ್ತವೆ. ಅಲ್ಲಿ ಸಾಕ್ಸ್10, ಎಸ್100 ಆಂಟಿಬಾಡಿಗಳು ಬೇಕು. ಸಾಕ್ಸ್10 ನ್ಯೂಕ್ಲಿಯಸ್‌ನಲ್ಲಿ ಬಣ್ಣ ಹಿಡಿಯುವುದರಿಂದ ಮೆಲನಿನ್ ಗೊಂದಲವೂ ಕಮ್ಮಿ.

ಪ್ರಶ್ನೆ ಕೇಳಿದವಳು

ಪ್ರೈಮರಿ ಇಲ್ಲದ ಸ್ಲೈಡ್ ಇವತ್ತು ಮಾಡಿದೆ. ಅದೂ ಅಷ್ಟೇ ಕಂದು! ಅಂದರೆ ಆ ಕಂದು ಆಂಟಿಬಾಡಿಯದಲ್ಲ. ಮೊದಲ ದಿನವೇ ಮಾಡಬೇಕಿತ್ತು, ಅಲ್ವಾ?

ಕೆಂಪು ಬಣ್ಣದ ಮೊದಲ ಸ್ಲೈಡ್ ನಾನೇ ಹಾಳು ಮಾಡಿದೆ. ಅಭ್ಯಾಸಬಲದಿಂದ ಆಲ್ಕೋಹಾಲ್‌ನಲ್ಲಿ ಅದ್ದಿದೆ, ಫಾಸ್ಟ್ ರೆಡ್ (ಆ ಕೆಂಪು ಬಣ್ಣ) ಕರಗಿಹೋಯಿತು. ಎರಡನೆಯದನ್ನು ನೀರಿನ ಮೌಂಟಿಂಗ್‌ನಲ್ಲಿ ಮುಚ್ಚಿದೆ. ಕಂದು ಕೋಶಗಳು ಕಂದಾಗೇ ಇವೆ, ಬಹುತೇಕ ಎಲ್ಲವೂ ಮ್ಯಾಕ್ರೋಫೇಜ್. ಆದರೆ ಕ್ಯಾಪ್ಸೂಲ್ (ನೋಡ್‌ನ ಹೊರಪೊರೆ) ಕೆಳಗೆ, ಅಂಚಿನಲ್ಲಿ, ಏಳೆಂಟು ಕೋಶಗಳ ಒಂದು ಪುಟ್ಟ ಗುಂಪು ಕೆಂಪಗಿದೆ. ಡಿಎಬಿ ಸ್ಲೈಡಿನಲ್ಲಿ ಆ ಜಾಗವನ್ನು ನಾನು ನೋಡಿಯೇ ಇರಲಿಲ್ಲ. ನಾಳೆ ಪಕ್ಕದ ಸೆಕ್ಷನ್‌ಗೆ ಸಾಕ್ಸ್10 ಹಾಕುತ್ತೇನೆ.