ಎಡಿಟಿಂಗ್ ತಂತ್ರಾಂಶ ಇರುವಾಗ ಲೆನ್ಸ್‌ಗೆ ಫಿಲ್ಟರ್ ಬೇಕೇ?

ಪ್ರಶ್ನೆ: ಮುಂಗಾರು

ಎಲ್ಲರಿಗೂ ನಮಸ್ಕಾರ. ಈ ಮಳೆಗಾಲದಲ್ಲಿ ಆಗುಂಬೆ, ಕುದುರೆಮುಖ ಮತ್ತು ಜೋಗದ ಕಡೆ ಹೋಗಿ ಕಾಡು, ತೊರೆ, ಜಲಪಾತಗಳ ಚಿತ್ರ ತೆಗೆಯಬೇಕೆಂದಿದ್ದೇನೆ. ನನ್ನಲ್ಲಿರುವುದು ಒಂದು ಮಿರರ್‌ಲೆಸ್ ಕ್ಯಾಮೆರಾ ಮತ್ತು 77 ಮಿ.ಮೀ. ಫಿಲ್ಟರ್ ಅಳತೆಯ 24–105 ಮಿ.ಮೀ. ಲೆನ್ಸ್. ಕ್ಯಾಮೆರಾ ಕೊಂಡ ಅಂಗಡಿಯವರು ಯುವಿ, ಪೋಲರೈಸರ್, ಎನ್‌ಡಿ (ಬಣ್ಣ ಬದಲಿಸದೆ ಬೆಳಕನ್ನು ತಗ್ಗಿಸುವ ಕಪ್ಪು ಗಾಜು), ಗ್ರಾಜುಯೇಟೆಡ್ ಎನ್‌ಡಿ (ಮೇಲ್ಭಾಗ ಮಾತ್ರ ಕಪ್ಪಾಗಿರುವಂಥದ್ದು) ನಾಲ್ಕೂ ಇರಲೇಬೇಕು ಎಂದರು; ಅವುಗಳ ಒಟ್ಟು ಬೆಲೆಗೆ ಒಂದು ಒಳ್ಳೆಯ ಟ್ರೈಪಾಡ್ ಬರುತ್ತದೆ. ಜೊತೆಯಲ್ಲಿ ಚಿತ್ರ ತೆಗೆಯುವ ಗೆಳೆಯರಾದರೋ, ಫಿಲ್ಟರ್‌ಗಳೆಲ್ಲ ರೀಲಿನ ಕಾಲಕ್ಕೆ ಮುಗಿದವು, ರಾ ಫೈಲ್‌ನಲ್ಲಿ (ಸೆನ್ಸರ್ ದಾಖಲಿಸಿದ್ದನ್ನು ಹಾಗೆಯೇ ಉಳಿಸುವ ಕಡತ) ತೆಗೆದು ಲೈಟ್‌ರೂಮ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ಕುಳಿತರೆ ಎಲ್ಲವೂ ಸಾಧ್ಯ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸ್ವಲ್ಪ ಉತ್ಪ್ರೇಕ್ಷೆ ಇರಬಹುದು ಎಂಬ ಅನುಮಾನ ನನ್ನದು. ತಂತ್ರಾಂಶದಿಂದ ನಿಜವಾಗಿಯೂ ಮಾಡಲಾಗದ್ದು ಯಾವುದು, ಏಕೆ ಆಗುವುದಿಲ್ಲ ಎಂಬುದನ್ನು ಅನುಭವಿಗಳು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಹಸಿರು ಕೊಡೆ

ನಿಮ್ಮ ಪ್ರಯಾಣದ ಪಟ್ಟಿಯನ್ನು ನೋಡಿದರೆ ಪೋಲರೈಸರ್ ವಿಷಯವನ್ನೇ ಮೊದಲು ಹೇಳಬೇಕಾಗುತ್ತದೆ, ಏಕೆಂದರೆ ಮಳೆಯಲ್ಲಿ ನೆನೆದ ಕಾಡಿನಲ್ಲಿ ಅದರ ಕೆಲಸವನ್ನು ಬೇರೆ ಯಾವುದೂ ಮಾಡಲಾರದು.

ಸೆನ್ಸರಿನ ಪ್ರತಿಯೊಂದು ಬಿಂದುವೂ ದಾಖಲಿಸುವುದು ತನ್ನ ಮೇಲೆ ಬಿದ್ದ ಕೆಂಪು, ಹಸಿರು ಅಥವಾ ನೀಲಿ ಬೆಳಕು ಎಷ್ಟು ಎಂಬುದನ್ನು ಮಾತ್ರ. ಆ ಬೆಳಕಿನ ಕಂಪನ ಯಾವ ದಿಕ್ಕಿನಲ್ಲಿತ್ತು, ಅಂದರೆ ಅದು ಧ್ರುವೀಕರಣಗೊಂಡಿತ್ತೇ ಎಂಬ ಮಾಹಿತಿ ರಾ ಫೈಲ್‌ನಲ್ಲಿಯೂ ಉಳಿಯುವುದಿಲ್ಲ. ಒದ್ದೆಯಾದ ಎಲೆಯಿಂದ ಕ್ಯಾಮೆರಾಕ್ಕೆ ಎರಡು ಬಗೆಯ ಬೆಳಕು ಬರುತ್ತದೆ: ಎಲೆಯ ಒಳಹೊಕ್ಕು ಹಸಿರಾಗಿ ಹೊರಬಂದದ್ದು ಒಂದು, ಮೇಲಿನ ನೀರಿನ ಪೊರೆಯಿಂದ ನೇರವಾಗಿ ಪ್ರತಿಫಲಿಸಿದ, ಮೋಡದ ಬಣ್ಣವನ್ನೇ ಹೊತ್ತ ಬಿಳಿ ಹೊಳಪು ಇನ್ನೊಂದು. ಎರಡನೆಯದು ಬಹುಮಟ್ಟಿಗೆ ಧ್ರುವೀಕರಣಗೊಂಡಿರುತ್ತದೆ, ಆದ್ದರಿಂದ ಪೋಲರೈಸರನ್ನು ತಿರುಗಿಸಿ ಅದನ್ನು ಲೆನ್ಸಿನ ಬಾಗಿಲಲ್ಲೇ ತಡೆಯಬಹುದು. ಅದು ಒಮ್ಮೆ ಒಳಗೆ ಬಂದು ಹಸಿರಿನೊಂದಿಗೆ ಬೆರೆತ ಮೇಲೆ ಪ್ರತಿ ಬಿಂದುವಿನಲ್ಲಿ ಹೊಳಪು ಎಷ್ಟು, ಎಲೆ ಎಷ್ಟು ಎಂದು ಬೇರ್ಪಡಿಸಲು ತಂತ್ರಾಂಶದ ಬಳಿ ಯಾವ ಆಧಾರವೂ ಇಲ್ಲ. ಸ್ಯಾಚುರೇಷನ್ ಹೆಚ್ಚಿಸಿದರೆ ಹಸಿರು ಗಾಢವಾಗುತ್ತದೆಯೇ ಹೊರತು ಹೊಳಪಿನಡಿ ಮುಚ್ಚಿಹೋದ ಎಲೆಯ ನರಗಳು ಮರಳಿ ಬರುವುದಿಲ್ಲ. ಕಿಟಕಿ ಗಾಜಿನ ಪ್ರತಿಬಿಂಬವನ್ನು ಅಳಿಸುವ ಹೊಸ ತಂತ್ರಾಂಶಗಳು ಬಂದಿವೆ, ನಿಜ. ಆದರೆ ಅವು ಮಾಡುವುದು ಊಹೆ. ವನ್ಯಜೀವಿ ಚಿತ್ರಸ್ಪರ್ಧೆಗಳಿಗೆ ಕಳುಹಿಸುವ ಆಸೆಯಿದ್ದರೆ, ಚಿತ್ರದಲ್ಲಿ ಇಲ್ಲದ್ದನ್ನು ತುಂಬುವುದಕ್ಕೆ ಅಲ್ಲಿ ಅನುಮತಿಯೇ ಇರುವುದಿಲ್ಲ.

ಮೋಡ ಕವಿದ ದಿನ ಪೋಲರೈಸರ್ ಕೆಲಸ ಮಾಡದು ಎಂದು ಹಲವರು ನಂಬಿದ್ದಾರೆ. ಅದು ಆಕಾಶದ ಮಟ್ಟಿಗೆ ಮಾತ್ರ ಸತ್ಯ. ನೀಲಿ ಆಕಾಶ ಸೂರ್ಯನಿಂದ 90 ಡಿಗ್ರಿ ದೂರದಲ್ಲಿ ಅತಿ ಹೆಚ್ಚು ಧ್ರುವೀಕರಣಗೊಂಡಿರುತ್ತದೆ, ಮೋಡ ಮುಸುಕಿದಾಗ ಆ ಗುಣ ಇಲ್ಲವಾಗುತ್ತದೆ. ಆದರೆ ಎಲೆ, ಕಲ್ಲು, ನೀರಿನ ಮೇಲ್ಮೈಗಳ ಪ್ರತಿಫಲನಕ್ಕೆ ಮೋಡ ಅಡ್ಡಿಯಲ್ಲ. ನೀರಿನ ಮಟ್ಟಿಗೆ ಮೇಲ್ಮೈಗೆ ಸುಮಾರು 37 ಡಿಗ್ರಿ ಕೋನದಲ್ಲಿ ನೋಡುವಾಗ ಪರಿಣಾಮ ಅತಿ ಹೆಚ್ಚು. ಎಲೆಗಳು ನಾನಾ ದಿಕ್ಕಿಗೆ ವಾಲಿರುವುದರಿಂದ ಎಲ್ಲ ಹೊಳಪೂ ಒಮ್ಮೆಗೇ ಹೋಗುವುದಿಲ್ಲ, ಹೋಗಲೂಬಾರದು. ನನ್ನ ಅಭಿಪ್ರಾಯದಲ್ಲಿ ಅರ್ಧದಷ್ಟು ಹೊಳಪನ್ನು ಉಳಿಸಿಕೊಳ್ಳುವುದೇ ಲೇಸು. ಪೂರ್ತಿ ತೆಗೆದರೆ ತೊರೆಯ ಬಂಡೆ ಒಣಗಿದಂತೆಯೂ ಹಾರುವ ಕಪ್ಪೆಯ ಮೈ ಪ್ಲಾಸ್ಟಿಕ್ಕಿನಂತೆಯೂ ಕಾಣುತ್ತದೆ. ಕಪ್ಪೆಗಳ ಚಿತ್ರಕ್ಕೆ ನಾನು ಫಿಲ್ಟರನ್ನು ಬಿಚ್ಚಿಯೇ ಬಿಡುತ್ತೇನೆ, ಏಕೆಂದರೆ ಮೊದಲೇ ಕತ್ತಲಾದ ಕಾಡಿನಲ್ಲಿ ಅದು ಇನ್ನೂ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕನ್ನು ನುಂಗುತ್ತದೆ (ಒಂದು ಸ್ಟಾಪ್ ಕಡಿಮೆಯೆಂದರೆ ಬೆಳಕು ಅರ್ಧಕ್ಕೆ ಇಳಿದಂತೆ).

ಉತ್ತರ 2: ಪದರದ ಮೇಲೆ ಪದರ

ಪೋಲರೈಸರ್ ಬಗ್ಗೆ ಮೇಲಿನವರು ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಎನ್‌ಡಿ ಮತ್ತು ಗ್ರಾಜುಯೇಟೆಡ್ ಎನ್‌ಡಿ ವಿಷಯದಲ್ಲಿ ನಿಮ್ಮ ಗೆಳೆಯರ ಮಾತಿಗೆ ಸಾಕಷ್ಟು ತೂಕವಿದೆ.

ಗ್ರಾಜುಯೇಟೆಡ್ ಫಿಲ್ಟರಿನ ಉದ್ದೇಶ ಬೆಳಗಿನ ಆಕಾಶದ ಪ್ರಖರತೆಯನ್ನು ತಗ್ಗಿಸುವುದು. ಹಂಪಿಯ ಮಾತಂಗ ಬೆಟ್ಟದ ಮೇಲೆ ನಿಂತು ಸೂರ್ಯೋದಯಕ್ಕೆ ಕಾಯುವವರು ಹಿಂದೆ ಇದನ್ನು ಬಿಟ್ಟು ಹೋಗುತ್ತಿರಲಿಲ್ಲ, ಏಕೆಂದರೆ ಸ್ಲೈಡ್ ಫಿಲ್ಮ್ ಸುಮಾರು ಐದು ಸ್ಟಾಪ್‌ಗಳ ವ್ಯತ್ಯಾಸವನ್ನಷ್ಟೇ ತಾಳಿಕೊಳ್ಳುತ್ತಿತ್ತು. ಇಂದಿನ ಫುಲ್ ಫ್ರೇಮ್ ಸೆನ್ಸರ್‌ಗಳು ಕನಿಷ್ಠ ಐಎಸ್ಒದಲ್ಲಿ (ಬೆಳಕಿಗೆ ಸೆನ್ಸರಿನ ಸಂವೇದನೆಯ ಅಳತೆ) 14 ಸ್ಟಾಪ್‌ಗಳ ಆಸುಪಾಸಿನಲ್ಲಿವೆ. ಅದೂ ಸಾಲದಿದ್ದರೆ ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ ಎರಡು ಮೂರು ಚಿತ್ರ ತೆಗೆದು ಜೋಡಿಸಬಹುದು. ನೇರ ಗೆರೆಯ ಫಿಲ್ಟರ್ ಆಕಾಶದ ಜೊತೆಗೆ ಗೋಪುರದ ತುದಿಯನ್ನೂ ಕಪ್ಪಾಗಿಸುತ್ತಿತ್ತು. ಜೋಡಣೆಯಲ್ಲಿ ಆ ತೊಂದರೆಯೂ ಇಲ್ಲ. ನೀವು ಇದನ್ನು ಕೊಳ್ಳುವ ಅಗತ್ಯವಿಲ್ಲ.

ಇನ್ನು ಜಲಪಾತವನ್ನು ರೇಷ್ಮೆಯಂತೆ ತೋರಿಸುವ ಎನ್‌ಡಿ. 1/125 ಸೆಕೆಂಡಿನ ಎಕ್ಸ್‌ಪೋಷರ್‌ಗೆ 10 ಸ್ಟಾಪ್ ಎನ್‌ಡಿ ಹಾಕಿದರೆ ಅದು ಸುಮಾರು 8 ಸೆಕೆಂಡಿಗೆ ಏರುತ್ತದೆ. ಇದರ ಬದಲು ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು ಬೆನ್ನುಬೆನ್ನಿಗೆ ಹಲವು ಚಿತ್ರ ತೆಗೆದು ಫೋಟೋಶಾಪ್‌ನಲ್ಲಿ ಅವುಗಳ ಸರಾಸರಿ ಮಾಡಿದರೂ ನೀರು ನುಣುಪಾಗುತ್ತದೆ. 16 ಚಿತ್ರಗಳ ಸರಾಸರಿಯಲ್ಲಿ ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು ಚುಕ್ಕೆ) ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ ಎಂಬುದು ಇದರ ಇನ್ನೊಂದು ಲಾಭ. ಒಲಿಂಪಸ್ 2019ರ ಇ-ಎಂ1ಎಕ್ಸ್ ಕ್ಯಾಮೆರಾದಲ್ಲಿ ಇದೇ ತತ್ತ್ವವನ್ನು ‘ಲೈವ್ ಎನ್‌ಡಿ’ ಎಂಬ ಹೆಸರಿನಲ್ಲಿ ಕ್ಯಾಮೆರಾದೊಳಗೇ ಅಳವಡಿಸಿತು. ಆ ಪರಂಪರೆಯ ಓಎಂ-1 ಮಾರ್ಕ್ 2ರಲ್ಲಿ, ಅಂದರೆ 2024ರಲ್ಲಿ, ಗ್ರಾಜುಯೇಟೆಡ್ ಎನ್‌ಡಿ ಕೂಡ ತಂತ್ರಾಂಶವಾಗಿ ಬಂದಿತು. ಜೋಗದಲ್ಲಿ ನಿಮಿಷಕ್ಕೊಮ್ಮೆ ಮಂಜು ಮುಚ್ಚಿ ತೆರೆಯುವಾಗ ಫಿಲ್ಟರ್ ತಿರುಗಿಸಿ ಹಾಕುವಷ್ಟರಲ್ಲಿ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಮರೆಯಾಗಿರುತ್ತವೆ ಎಂಬುದನ್ನೂ ಗಮನದಲ್ಲಿಡಿ.

ಉತ್ತರ 3: ಇಪ್ಪತ್ತೈದು ಫ್ರೇಮ್

ಸ್ಥಿರಚಿತ್ರದವರು ಎನ್‌ಡಿಯನ್ನು ಇಷ್ಟು ಸುಲಭವಾಗಿ ಬದಿಗೆ ಸರಿಸುವುದನ್ನು ನೋಡಿ ವಿಡಿಯೊ ಮಾಡುವವನಾಗಿ ಒಂದು ಆಕ್ಷೇಪ ಸಲ್ಲಿಸುತ್ತಿದ್ದೇನೆ. ಸೆಕೆಂಡಿಗೆ 25 ಫ್ರೇಮ್ ತೆಗೆಯುವಾಗ ಚಲನೆ ಕಣ್ಣಿಗೆ ಸಹಜವೆನಿಸಬೇಕಾದರೆ ಶಟರ್ 1/50ರ ಹತ್ತಿರ ಇರಬೇಕು ಎಂಬುದು ರೂಢಿ. ಪ್ರಖರ ಬಿಸಿಲಿನಲ್ಲಿ ಐಎಸ್ಒ 100ಕ್ಕೆ ಎಫ್/16 (ಲೆನ್ಸಿನ ರಂಧ್ರದ ಅಳತೆ; ಅಂಕಿ ಚಿಕ್ಕದಾದಷ್ಟೂ ರಂಧ್ರ ದೊಡ್ಡದು) ಮತ್ತು 1/100 ಸರಿಹೊಂದುತ್ತದೆ. ಹಿನ್ನೆಲೆ ಮಸುಕಾಗಲೆಂದು ಎಫ್/2.8ಕ್ಕೆ ತೆರೆದರೆ ಶಟರ್ 1/3200ಕ್ಕೆ ಹೋಗುತ್ತದೆ. ಅದನ್ನು 1/50ಕ್ಕೆ ಇಳಿಸಲು ಸರಿಯಾಗಿ 6 ಸ್ಟಾಪ್, ಅಂದರೆ ಎನ್‌ಡಿ64 ಬೇಕು. ಲಾಗ್ ಪ್ರೊಫೈಲ್‌ನ (ಆಮೇಲೆ ಬಣ್ಣ ತಿದ್ದಲೆಂದು ವಿಡಿಯೊವನ್ನು ಸಪ್ಪೆಯಾಗಿ ದಾಖಲಿಸುವ ವಿಧಾನ) ಕನಿಷ್ಠ ಐಎಸ್ಒ 800 ಇರುವ ಕ್ಯಾಮೆರಾಗಳಲ್ಲಿ ಇನ್ನೂ 3 ಸ್ಟಾಪ್ ಸೇರಿಸಬೇಕಾಗುತ್ತದೆ. ಇಲ್ಲಿ ಸರಾಸರಿ ಮಾಡಲು ಹೆಚ್ಚುವರಿ ಫ್ರೇಮ್‌ಗಳು ಇರುವುದಿಲ್ಲ, ಚಲನೆಯ ಮಸುಕನ್ನು ಆಮೇಲೆ ಹಚ್ಚುವ ಪ್ಲಗಿನ್‌ಗಳು ಓಡುವವನ ಕೈಕಾಲುಗಳ ಅಂಚಿನಲ್ಲಿ ಸೋಲುತ್ತವೆ. ವೃತ್ತಿಪರರ ಸೋನಿ ಎಫ್ಎಕ್ಸ್6ರಂತಹ ಕ್ಯಾಮೆರಾಗಳಲ್ಲಿ ಎನ್‌ಡಿಯನ್ನು ಒಳಗೇ ಕೂರಿಸಿರುವುದಕ್ಕೆ ಕಾರಣ ಇದೇ.

ಒಂದು ಎಚ್ಚರಿಕೆಯೂ ಇದೆ. ಅಗ್ಗದ ದಟ್ಟ ಎನ್‌ಡಿಗಳು ಕಣ್ಣಿಗೆ ಕಾಣುವ ಬೆಳಕನ್ನು ತಡೆದರೂ ಅವಗೆಂಪು ಕಿರಣಗಳನ್ನು ಅಷ್ಟೇ ಪ್ರಮಾಣದಲ್ಲಿ ತಡೆಯುವುದಿಲ್ಲ. ಪರಿಣಾಮವಾಗಿ ಕಪ್ಪು ಬಟ್ಟೆ ಕಂದಾಗುತ್ತದೆ. ವೈಟ್ ಬ್ಯಾಲೆನ್ಸ್‌ನಿಂದ ಅದನ್ನು ಸರಿಪಡಿಸಲು ಹೋದರೆ ಉಳಿದ ಬಣ್ಣಗಳು ಕೆಡುತ್ತವೆ.

ಉತ್ತರ 4: ಡಾರ್ಕ್‌ರೂಮಿನವ

ಸಂಪೂರ್ಣವಾಗಿ ನೇಪಥ್ಯಕ್ಕೆ ಸರಿದ ಫಿಲ್ಟರ್‌ಗಳ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಕೆಲವು ಮಾತು. ಟಂಗ್‌ಸ್ಟನ್ ದೀಪಕ್ಕೆಂದು ತಯಾರಾದ ಫಿಲ್ಮನ್ನು ಹಗಲಿನಲ್ಲಿ ಬಳಸಲು 85ಬಿ, ಹಗಲಿನ ಫಿಲ್ಮನ್ನು ದೀಪದ ಬೆಳಕಿನಲ್ಲಿ ಬಳಸಲು 80ಎ ಎಂಬ ಬಣ್ಣದ ಗಾಜುಗಳು ನಮ್ಮ ಚೀಲದಲ್ಲಿರುತ್ತಿದ್ದವು. ಅವು ಮಾಡುತ್ತಿದ್ದುದು ಬಣ್ಣಗಳ ಅನುಪಾತವನ್ನು ಬದಲಿಸುವ ಕೆಲಸ. ಮೂರು ಬಣ್ಣಗಳ ಲೆಕ್ಕ ಈಗ ರಾ ಫೈಲ್‌ನಲ್ಲೇ ಇರುವುದರಿಂದ ಅದೇ ಕೆಲಸವನ್ನು ವೈಟ್ ಬ್ಯಾಲೆನ್ಸ್ ನಿರಾಯಾಸವಾಗಿ ಮಾಡುತ್ತದೆ.

ಕಪ್ಪು-ಬಿಳುಪಿಗೆ ಬಳಸುತ್ತಿದ್ದ ಹಳದಿ, ಕಿತ್ತಳೆ, ಕೆಂಪು ಫಿಲ್ಟರ್‌ಗಳ ಕಥೆ ಇನ್ನೂ ಸ್ವಾರಸ್ಯಕರ. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಂತೆ ಸೆನ್ಸರಿನ ಬಿಂದುಗಳಲ್ಲಿ ಅರ್ಧ ಹಸಿರು ಫಿಲ್ಟರ್‌ನಡಿ, ಕಾಲು ಭಾಗ ಕೆಂಪಿನಡಿ, ಉಳಿದ ಕಾಲು ಭಾಗ ನೀಲಿಯಡಿ ಇರುತ್ತವೆ. ಅಂದರೆ ಫಿಲ್ಟರ್ ಬೇಡವೆನ್ನುವವರ ಕ್ಯಾಮೆರಾದಲ್ಲೂ ಕೋಟಿಗಟ್ಟಲೆ ಸಣ್ಣ ಫಿಲ್ಟರ್‌ಗಳಿವೆ! ಇಂತಹ ಸೆನ್ಸರಿನ ಮುಂದೆ ಗಾಢ ಕೆಂಪು ಗಾಜು ಇಟ್ಟರೆ ಹೆಚ್ಚುಕಡಿಮೆ ಕಾಲು ಭಾಗದ ಬಿಂದುಗಳಷ್ಟೇ ಕೆಲಸ ಮಾಡುತ್ತವೆ. ಬಣ್ಣದಲ್ಲಿ ತೆಗೆದು ಆಮೇಲೆ ಚಾನೆಲ್‌ಗಳನ್ನು ಬೆರೆಸುವುದೇ ಮೇಲು. ಆದರೆ 2012ರಲ್ಲಿ ಬಂದ ಲೈಕಾ ಎಂ ಮೊನೊಕ್ರೋಮ್‌ನಂತಹ, ಬಣ್ಣದ ಜಾಲರಿಯೇ ಇಲ್ಲದ ಕ್ಯಾಮೆರಾಗಳಿಗೆ ಆ ಹಳೆಯ ಗಾಜುಗಳು ಮತ್ತೆ ಬೇಕಾದವು, ಏಕೆಂದರೆ ಅವುಗಳ ಫೈಲ್‌ನಲ್ಲಿ ಬೆರೆಸಲು ಬಣ್ಣವೇ ಇರುವುದಿಲ್ಲ. ಅದೇ ಕಂಪನಿಯ 2006ರ ಎಂ8ರಲ್ಲಿ ಸೆನ್ಸರಿನ ಮುಂದಿನ ಅವಗೆಂಪು ತಡೆ ದುರ್ಬಲವಾಗಿದ್ದು, ಕಪ್ಪು ಸಿಂಥೆಟಿಕ್ ಬಟ್ಟೆಗಳು ನೇರಳೆ ಛಾಯೆಗೆ ತಿರುಗುತ್ತಿದ್ದುದರಿಂದ, ಕೊಂಡವರಿಗೆ ಕಂಪನಿಯೇ ಫಿಲ್ಟರ್‌ಗಳನ್ನು ಉಚಿತವಾಗಿ ಕೊಡಬೇಕಾಯಿತು.

ಸೂರ್ಯಗ್ರಹಣದ ಫಿಲ್ಟರ್ ಈ ಚರ್ಚೆಗೇ ಹೊರತು. 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಕಂಕಣ ಗ್ರಹಣವನ್ನು ಚಿತ್ರಿಸಿದವರು ಬೆಳಕನ್ನು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸುವ ಫಿಲ್ಟರನ್ನು ಲೆನ್ಸಿನ ಮುಂದೆಯೇ ಹಾಕಬೇಕಿತ್ತು. ಸುಟ್ಟ ಸೆನ್ಸರನ್ನಾಗಲಿ ಕಣ್ಣನ್ನಾಗಲಿ ಎಡಿಟ್ ಮಾಡಲಾಗದು.

ಮರುಪ್ರಶ್ನೆ: ಮುಂಗಾರು

ಎಲ್ಲರಿಗೂ ಕೃತಜ್ಞತೆಗಳು. ಗ್ರಾಜುಯೇಟೆಡ್ ಎನ್‌ಡಿಯನ್ನು ಕೈಬಿಟ್ಟೆ, ಪೋಲರೈಸರ್ ಖಚಿತವಾಯಿತು. ವಿಡಿಯೊ ನನ್ನ ಆಸಕ್ತಿಯಲ್ಲ. ಆದರೆ ಯುವಿ ಫಿಲ್ಟರನ್ನು ರಕ್ಷಣೆಗಾಗಿ ಸದಾ ಹಾಕಿಡಬೇಕೇ? ಮಳೆಗಾಲ ಕಳೆದ ಮೇಲೆ ಕಂಬಳಕ್ಕೂ ಮರವಂತೆಯ ಕಡಲತೀರಕ್ಕೂ ಹೋಗುವ ಯೋಚನೆಯಿದೆ.

ಉತ್ತರ 5: ಹಸಿರು ಕೊಡೆ

ನೇರಳಾತೀತ ಕಿರಣಗಳನ್ನು ತಡೆಯುವ ಪದರ ಸೆನ್ಸರಿನ ಮುಂದೆ ಈಗಾಗಲೇ ಇರುವುದರಿಂದ ‘ಯುವಿ’ ಎಂಬ ಹೆಸರಿಗೆ ಡಿಜಿಟಲ್‌ನಲ್ಲಿ ಅರ್ಥ ಉಳಿದಿಲ್ಲ. ಅದನ್ನು ಪಾರದರ್ಶಕ ಕಾವಲು ಗಾಜು ಎಂದು ತಿಳಿಯಿರಿ. ಕಂಬಳದಲ್ಲಿ ಕೋಣಗಳು ಎರಚುವ ಕೆಸರು ನೀರಿಗೆ, ಕಡಲಿನ ಉಪ್ಪು ಹನಿಗೆ ಅದು ಖಂಡಿತ ಬೇಕು, ಏಕೆಂದರೆ ಮರಳಿನ ಕಣ ಬೆರೆತ ಕೆಸರನ್ನು ಲೆನ್ಸಿನ ಮುಂಗಾಜಿನ ಮೇಲೆಯೇ ಒರೆಸುವ ಧೈರ್ಯ ನನಗಿಲ್ಲ. ಮಳೆಯ ವಿಷಯದಲ್ಲಿ ನಿಮ್ಮ ಲೆನ್ಸಿನ ಕೈಪಿಡಿಯನ್ನು ಓದಿ: ಕ್ಯಾನನ್ 17–40ರಂತಹ ಕೆಲವು ಲೆನ್ಸ್‌ಗಳಲ್ಲಿ ನೀರು ತಡೆಯುವ ಬಂದೋಬಸ್ತು ಪೂರ್ಣವಾಗುವುದು ಮುಂದೆ ಫಿಲ್ಟರ್ ಹಾಕಿದಾಗಲೇ.

ಉಳಿದ ದಿನಗಳಲ್ಲಿ ಲೆನ್ಸ್ ಹುಡ್ ಸಾಕು. ಲೇಪನವಿಲ್ಲದ ಗಾಜಿನ ಪ್ರತಿ ಮೇಲ್ಮೈಯೂ ಸುಮಾರು 4 ಪ್ರತಿಶತ ಬೆಳಕನ್ನು ಹಿಂದಿರುಗಿಸುತ್ತದೆ. ರಾತ್ರಿ ಬೀದಿದೀಪ ಅಥವಾ ವಾಹನದ ಹೆಡ್‌ಲೈಟ್ ಚೌಕಟ್ಟಿನಲ್ಲಿದ್ದರೆ ಅದರ ತಲೆಕೆಳಗಾದ ಮಸುಕು ಪ್ರತಿಬಿಂಬ ಚಿತ್ರದ ಇನ್ನೊಂದು ಬದಿಯಲ್ಲಿ ತೇಲುತ್ತದೆ. ಮಲ್ಟಿ-ಕೋಟೆಡ್ ಗಾಜಿನಲ್ಲಿ ಇದು ಬಹಳ ಕಡಿಮೆ, ಆದರೆ ಪೂರ್ತಿ ಇಲ್ಲವೆಂದಲ್ಲ.

ಕಾವಲು ಗಾಜಿನ ಮೇಲೆ ಪೋಲರೈಸರನ್ನು ಏರಿಸಬೇಡಿ, 24 ಮಿ.ಮೀ.ನಲ್ಲಿ ಮೂಲೆಗಳು ಕಪ್ಪಾಗುವ ಸಂಭವವಿದೆ, ಮೇಲಾಗಿ ಎಸಿ ಕಾರಿನಿಂದ ಆಗುಂಬೆಯ ತೇವಕ್ಕೆ ಇಳಿದಾಗ ಎರಡು ಗಾಜುಗಳ ನಡುವೆ ಹಬೆ ಕಟ್ಟಿದರೆ ಬೇಗ ಹೋಗುವುದಿಲ್ಲ. ಜೋಗಕ್ಕೆ ಎನ್‌ಡಿ ಬೇಕೆನಿಸಿದರೆ ಮೊದಲು ಪೋಲರೈಸರನ್ನೇ ಹಾಕಿ ಎಫ್/11, ಐಎಸ್ಒ 100ರಲ್ಲಿ ನೋಡಿ. ಮೋಡ ಕವಿದ ಬೆಳಕಿನಲ್ಲಿ ಶಟರ್ ಕಾಲು ಸೆಕೆಂಡಿನ ಹತ್ತಿರ ಬರುವುದುಂಟು, ನೀರಿನ ಎಳೆಗಳು ಕಾಣುವಂತೆ ಚಿತ್ರಿಸಲು ಅಷ್ಟು ಸಾಕು. ಮುಂದೆ ಸಣ್ಣ ಲೆನ್ಸ್ ಕೊಂಡರೂ ಈ 77 ಮಿ.ಮೀ. ಫಿಲ್ಟರನ್ನು ಸ್ಟೆಪ್-ಅಪ್ ರಿಂಗ್ ಮೂಲಕ ಅದಕ್ಕೂ ಬಳಸಬಹುದಾದ್ದರಿಂದ, ಉಳಿಸಿದ ಹಣವನ್ನೆಲ್ಲ ಒಂದೇ ಒಳ್ಳೆಯ ಪೋಲರೈಸರಿಗೆ ಹಾಕಿ, ಮಿಕ್ಕದ್ದರಲ್ಲಿ ಟ್ರೈಪಾಡ್ ಕೊಳ್ಳಿ.