ಸಹಾಯ ಬೇಕು: ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ನಂತರದ ಸಂಶೋಧನಾ ಅವಕಾಶಕ್ಕೆ) ಲ್ಯಾಬ್‌ಗಳಿಗೆ ಮೇಲ್ ಬರೆಯುವಾಗ ನನ್ನ ಸಂಶೋಧನಾ ಪ್ರಶ್ನೆ ಬರೆಯಲೋ, ಲ್ಯಾಬಿನವರದ್ದೋ?

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯವಳು, ಸಸ್ಯಶಾಸ್ತ್ರದಲ್ಲಿ ಪಿಎಚ್‌ಡಿ ಆಗಿದೆ. ಸಂಡೂರು ಬೆಟ್ಟಗಳಲ್ಲಿ ಅದಿರು ತೆಗೆದು ಸುರಿದ ಮಣ್ಣಿನ ಗುಡ್ಡೆಗಳ ಮೇಲೆ ಯಾವ ಗಿಡ ತಾನಾಗಿ ಬರುತ್ತದೆ, ಯಾವುದು ಬರುವುದಿಲ್ಲ ಎನ್ನುವುದೇ ನನ್ನ ಕೆಲಸವಾಗಿತ್ತು.

ಈಗ ಮುಂದಿನ ಪ್ರಶ್ನೆ ಹಿಡಿಯಬೇಕು. ಗುಡ್ಡೆ ಮೇಲಿನ ಬಂದರಿಕೆ ಗಿಡ ಪಕ್ಕದ ಕಾಡಿನ ಬಂದರಿಕೆಗಿಂತ ತಳಿಯಲ್ಲೇ ಬೇರೆಯಾಗುತ್ತಿದೆಯಾ, ಇಲ್ಲ ಮಣ್ಣಿಗೆ ತಕ್ಕಂತೆ ಬೆಳವಣಿಗೆ ಮಾತ್ರ ಬದಲಿಸಿಕೊಂಡಿದೆಯಾ? ವೇಲ್ಸ್‌ನ ಹಳೆ ಗಣಿಗಳ ಹುಲ್ಲು ತಾಮ್ರದ ವಿಷ ತಡೆದುಕೊಳ್ಳುವಂತೆ ಬದಲಾದದ್ದನ್ನು ಬ್ರಾಡ್‌ಶಾ ಎಂಬ ವಿಜ್ಞಾನಿ ಮತ್ತು ಜೊತೆಯವರು ಹಿಂದೆಯೇ ತೋರಿಸಿದ್ದಾರೆ. ನಮ್ಮ ಬೆಟ್ಟದಲ್ಲೂ ನೋಡಬೇಕಲ್ವಾ? ಅದಕ್ಕೆ ಎರಡೂ ಕಡೆಯ ಬೀಜ ತಂದು ಒಂದೇ ಮಣ್ಣಿನಲ್ಲಿ ಬೆಳೆಸಬೇಕು, ಜೊತೆಗೆ ಡಿಎನ್‌ಎ ಕೆಲಸ ಬೇಕು. ನಾನು ಓದಿದ ಕಡೆ ಅಂಥ ಲ್ಯಾಬ್ ಇರಲಿಲ್ಲ.

ನಮ್ಮ ದೇಶದ ನ್ಯಾಷನಲ್ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್, ಜರ್ಮನಿಯ ಹಂಬೋಲ್ಟ್ ಫೆಲೋಶಿಪ್, ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್, ಯಾವುದಕ್ಕೆ ಹಾಕಿದರೂ ಮೊದಲು ಒಬ್ಬ ಮಾರ್ಗದರ್ಶಕರು ಒಪ್ಪಬೇಕು. ಬೆಂಗಳೂರು, ಪುಣೆ, ಜರ್ಮನಿಯ ಲ್ಯಾಬ್‌ಗಳಿಗೆ ಬರೆದೆ. ಜಾಸ್ತಿ ಜನ ಉತ್ತರವನ್ನೇ ಕೊಡಲಿಲ್ಲ. ಒಬ್ಬರು, ಫೀಲ್ಡ್ ಡೇಟಾ ಚೆನ್ನಾಗಿದೆ, ಆದರೆ ಜೀನೋಮಿಕ್ಸ್ (ಇಡೀ ಡಿಎನ್‌ಎ ಓದಿ ಹೋಲಿಸುವ ಕೆಲಸ) ಅನುಭವ ಇಲ್ಲವಲ್ಲ ಎಂದರು. ಇನ್ನೊಬ್ಬರು, ನಮ್ಮ ಲ್ಯಾಬಿನ ಗಿಡದ ಮೇಲೆ ಮಾಡುವುದಾದರೆ ನೋಡೋಣ ಎಂದರು. ಸಂಡೂರು ಬಿಟ್ಟರೆ ನನ್ನ ಪ್ರಶ್ನೆಯೇ ಉಳಿಯುವುದಿಲ್ಲ. ಸುಮ್ನೆ ಕಾಯುವ ಹಾಗೂ ಇಲ್ಲ, ಮೇರಿ ಕ್ಯೂರಿಯಲ್ಲಿ ಪಿಎಚ್‌ಡಿ ನಂತರದ ಸಂಶೋಧನಾ ಅನುಭವ 8 ವರ್ಷ ಮೀರಬಾರದು.

ಈ ದಾರಿಯಲ್ಲಿ ಹೋದವರು ದಯವಿಟ್ಟು ಹೇಳಿ: ಮೊದಲ ಮೇಲ್‌ನಲ್ಲೇ ಸಂಡೂರಿನ ಯೋಜನೆ ಪೂರ್ತಿ ಇಡಬೇಕಾ, ಅಥವಾ ಅವರ ಗಿಡದ ಕೆಲಸಕ್ಕೆ ಒಪ್ಪಿ ಡಿಎನ್‌ಎ ವಿಧಾನ ಕಲಿತು, ಆಮೇಲೆ ನನ್ನದನ್ನು ಕೇಳಬೇಕಾ?