ಅಂಟಿಕೊಂಡ ಗಾಡಿಗಳಲ್ಲಿ ಚಲನ ಶಕ್ತಿ ಕಡಿಮೆಯಾದರೂ ಸಂವೇಗ ಏಕೆ ಉಳಿಯುತ್ತದೆ?

ಪ್ರಶ್ನೆ – ರಾಜಾಜಿನಗರದ ಪೋಷಕಿ

ಪ್ರಥಮ ಪಿಯುಸಿ ಓದುತ್ತಿರುವ ಮಗಳ ಲೆಕ್ಕವೊಂದು ನನ್ನನ್ನೂ ಗೊಂದಲಕ್ಕೆ ಕೆಡವಿದೆ. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬರುವ 2 ಕಿಲೋಗ್ರಾಂ ಗಾಡಿಯು, ನಿಂತಿರುವ 1 ಕಿಲೋಗ್ರಾಂ ಗಾಡಿಗೆ ಡಿಕ್ಕಿ ಹೊಡೆದು ಅದಕ್ಕೇ ಅಂಟಿಕೊಂಡರೆ ಎರಡೂ ಯಾವ ವೇಗದಲ್ಲಿ ಸಾಗುತ್ತವೆ? ಚಲನ ಶಕ್ತಿ (ರಾಶಿ ಗುಣಿಸು ವೇಗದ ವರ್ಗ, ಅದರ ಅರ್ಧ) ಬದಲಾಗದೆಂದು ಹಿಡಿದು ಅವಳು ಸುಮಾರು 2.45 ಎಂದು ಬರೆದಳು. ಪುಸ್ತಕದ ಉತ್ತರ 2. ಸಂವೇಗದಿಂದ, ಅಂದರೆ ರಾಶಿ ಗುಣಿಸು ವೇಗದಿಂದ, ಲೆಕ್ಕ ಹಾಕಿದರೆ 2 ಬರುವುದೇನೋ ನಿಜ, ಆದರೆ ಆಗ 9 ಜೂಲ್ ಶಕ್ತಿ 6ಕ್ಕೆ ಇಳಿಯುತ್ತದೆ. ಒಂದು ನಿಯಮವನ್ನು ನಂಬಿ ಇನ್ನೊಂದನ್ನು ಬಿಡುವುದು ಹೇಗೆ?

ಉತ್ತರ – ನಿವೃತ್ತ ಉಪನ್ಯಾಸಕ, ಮಲ್ಲೇಶ್ವರ

ಯಾವುದನ್ನೂ ಬಿಡಬೇಕಾಗಿಲ್ಲ, ಮೇಡಂ. ಒಟ್ಟು ಶಕ್ತಿ ಉಳಿದೇ ಇದೆ. ಕಡಿಮೆಯಾದದ್ದು ಚಲನ ಶಕ್ತಿ ಎಂಬ ಅದರ ಒಂದು ರೂಪ ಮಾತ್ರ. ಆ 3 ಜೂಲ್, ಗಾಡಿಗಳ ನಡುವಿನ ಮೇಣವನ್ನು ಚಪ್ಪಟೆ ಮಾಡಿ, ಕೊಂಚ ಸದ್ದಾಗಿ, ಕೊನೆಗೆ ಬಹುತೇಕ ಶಾಖವಾಗುತ್ತದೆ. ಶಾಖವೆಂದರೆ ಅಣುಗಳ ದಿಕ್ಕಾಪಾಲು ಓಡಾಟ. ಅದರಲ್ಲಿ ಶಕ್ತಿಯಿದ್ದರೂ, ಎಡಕ್ಕೆ ಓಡುವುದು ಬಲಕ್ಕೆ ಓಡುವುದನ್ನು ಅಳಿಸಿಹಾಕುವುದರಿಂದ ನಿವ್ವಳ ಸಂವೇಗವಿರುವುದಿಲ್ಲ. ಶಕ್ತಿಗೆ ಅಡಗಿಕೊಳ್ಳಲು ಜಾಗವುಂಟು, ಸಂವೇಗಕ್ಕಿಲ್ಲ.

ನ್ಯೂಟನ್ನನ ಮೂರನೆಯ ನಿಯಮದಂತೆ ಗಾಡಿಗಳು ಪರಸ್ಪರ ಅಷ್ಟೇ ಬಲದಿಂದ, ಅಷ್ಟೇ ಹೊತ್ತು ತಳ್ಳಿಕೊಳ್ಳುವುದರಿಂದ, ಮೊದಲನೆಯದು ಕಳೆದುಕೊಂಡ 2 ಮಾನ ಸಂವೇಗವೇ ಎರಡನೆಯದಕ್ಕೆ ದಕ್ಕುತ್ತದೆ. ಆದರೆ ಶಕ್ತಿಯ ಲೆಕ್ಕ ಬಲ ಗುಣಿಸು ದೂರ. ಹೊತ್ತು ಸಮವಾದರೂ ದೂರ ಸಮವಲ್ಲ: ಮೇಣ ಕುಗ್ಗುತ್ತಿರುವಾಗ ಹಿಂದಿನ ಗಾಡಿ ಮುಂದಿನದಕ್ಕಿಂತ ಹೆಚ್ಚು ದೂರ ಸಾಗಿರುತ್ತದೆ. ಆದ್ದರಿಂದಲೇ ಅದು 5 ಜೂಲ್ ಕಳೆದುಕೊಂಡರೆ ಇದು ಗಳಿಸುವುದು 2 ಮಾತ್ರ. ಮಗಳ ತಪ್ಪು ಒಳ್ಳೆಯ ತಪ್ಪು. ನನ್ನ ತರಗತಿಗಳಲ್ಲಿ ಪ್ರತಿವರ್ಷವೂ ಯಾರಾದರೊಬ್ಬರು ಇದನ್ನು ಮಾಡುತ್ತಿದ್ದರು.

ಉತ್ತರ – ನೇರಳೆ ಮಾರ್ಗದ ಪ್ರಯಾಣಿಕ

ಇದನ್ನೇ ನಮ್ಮ ಮೆಟ್ರೊ ರೈಲಿನೊಳಗಿಂದ ನೋಡಬಹುದು. ಗಾಡಿಗಳ ದಿಕ್ಕಿನಲ್ಲೇ ರೈಲು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಏಕರೀತಿಯಾಗಿ ಚಲಿಸುತ್ತಿದ್ದರೆ, ಒಳಗಿರುವವರ ಕಣ್ಣಿಗೆ ದೊಡ್ಡ ಗಾಡಿ 1 ಮೀಟರ್ ವೇಗದಲ್ಲಿ ಮುಂದಕ್ಕೂ ಚಿಕ್ಕದು 2 ಮೀಟರ್ ವೇಗದಲ್ಲಿ ಹಿಂದಕ್ಕೂ ಬಂದು, ಡಿಕ್ಕಿಯಾದೊಡನೆ ಎರಡೂ ನಿಂತೇಬಿಡುತ್ತವೆ. ಸಂವೇಗ ಮೊದಲೂ ಸೊನ್ನೆ, ಆಮೇಲೂ ಸೊನ್ನೆ. ಚಲನ ಶಕ್ತಿ 3 ಜೂಲ್ ಇದ್ದದ್ದು ಪೂರ್ತಿ ಹೋಯಿತು. ಎಲ್ಲಿಂದ ನೋಡಿದರೂ ನಷ್ಟ ಅದೇ 3.

ಪ್ರಶ್ನಿಸಿದವರು

ಇಬ್ಬರಿಗೂ ಧನ್ಯವಾದಗಳು. ಚಿಕ್ಕ ಗಾಡಿಯು ಗೋಡೆಗೆ ಒತ್ತಿಕೊಂಡು ನಿಂತಿದ್ದರೆ ಏನಾಗುತ್ತದೆ ಎಂದು ಮಗಳು ಕೇಳುತ್ತಿದ್ದಾಳೆ.

ಉತ್ತರ – ನಿವೃತ್ತ ಉಪನ್ಯಾಸಕ, ಮಲ್ಲೇಶ್ವರ

ಆಗ ಗೋಡೆಯ ಬಲ ಹೊರಗಿನದಾಗುವುದರಿಂದ ಗಾಡಿಗಳೆರಡನ್ನೇ ಲೆಕ್ಕಕ್ಕೆ ಹಿಡಿದರೆ ಸಂವೇಗ ಉಳಿಯುವುದಿಲ್ಲ. ಗೋಡೆಯನ್ನೂ ಅದು ನಿಂತ ಭೂಮಿಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಭೂಮಿಗೆ ಬರುವ ವೇಗವೆಷ್ಟೆಂದು ಅವಳೇ ಭಾಗಿಸಿ ನೋಡಲಿ, ಅದರ ರಾಶಿ ಸುಮಾರು 6 ಗುಣಿಸು 10ರ 24ನೆಯ ಘಾತ ಕಿಲೋಗ್ರಾಂ.